ಮಡಿಕೇರಿಯಲ್ಲಿ ಕುಳಿತು ದಿವಾಳಿ ಪ್ರಕರಣಗಳ ವಕೀಲಿಕೆ ಮಾಡಬಹುದೇ?

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲ್ಲೂಕು. ಮೈಸೂರಿನಲ್ಲಿ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ದಿವಾಳಿ ಸಂಹಿತೆಯ ಪಾಠ ಮನಸ್ಸಿಗೆ ಹಿಡಿಸಿದೆ, ಅದರಲ್ಲೇ ವಕೀಲಿಕೆ ಮಾಡುವ ಆಸೆಯಿದೆ. ಅದಕ್ಕೆ ಬೆಂಗಳೂರೇ ಗತಿ ಎಂದು ಅಧ್ಯಾಪಕರು ಹೇಳುತ್ತಾರೆ. ಊರಿನಲ್ಲೇ ಇರು ಎಂದು ಮನೆಯವರು ಹೇಳುತ್ತಾರೆ. ಕೊಡಗಿನಲ್ಲಿ ಇಂಥ ಕೆಲಸ ಇದೆಯೇ? ಈ ವಕೀಲರು ದಿನವೂ ಮಾಡುವುದೇನು, ಸಂಪಾದನೆ ಹೇಗೆ? ಇನ್ನೊಂದು ವಿಷಯ: ಚಿಕ್ಕಪ್ಪನ ಕಾಫಿ ತೋಟದ ಮೇಲೆ ಬ್ಯಾಂಕಿನಿಂದ 13(2)ರ ನೋಟಿಸ್ ಬಂದು ತಿಂಗಳಾಗುತ್ತಾ ಬಂತು. "ನೀನು ಕಾನೂನು ಓದುತ್ತಿದ್ದೀಯಲ್ಲ, ನೋಡು" ಎಂದು ಅದನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೇ ಗಡುವು ಇರುವುದು. ಚಿಕ್ಕಪ್ಪನಿಗೆ ಬಂದಿರುವುದು 2002ರ ಸರ್ಫೇಸಿ ಕಾಯ್ದೆಯ (ಅಡಮಾನದ ಆಸ್ತಿಯನ್ನು ದಾವೆ ಹೂಡದೆಯೇ ವಶಪಡಿಸಿ ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ) ಅಡಿಯ ಬೇಡಿಕೆ ನೋಟಿಸ್. ಬಾಕಿ ಕಟ್ಟಲು ಅದು ಕೊಡುವುದು 60 ದಿನ, ಅದರಲ್ಲಿ ಅರ್ಧ ಆಗಲೇ ಕಳೆದಿದೆ. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ. ಈ ವೃತ್ತಿಯಲ್ಲಿ ದಿನವೂ ಮಾಡುವುದೇನು ಎಂಬ ಪ್ರಶ್ನೆಗೂ ಅದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಮೊದಲು ನೋಟಿಸ್ ಬಂದ ಲಕೋಟೆಯನ್ನು ಹುಡುಕಿ ಎತ್ತಿಡಿ. ನಮ್ಮ ಕಡೆಯವರು ನೋಟಿಸನ್ನು ಇಟ್ಟುಕೊಂಡು ಲಕೋಟೆಯನ್ನು ಒಲೆಗೆ ಹಾಕುತ್ತಾರೆ. ಅಂಚೆಯ ಮುದ್ರೆ ಇರುವುದು ಲಕೋಟೆಯ ಮೇಲೆ, ಮುಂದೆ ದಿನದ ಲೆಕ್ಕಕ್ಕೆ ಬರುವುದೂ ಅದೇ. ಆಮೇಲೆ ನೋಟಿಸಿನ ಹಿಂಬದಿಯ ಷೆಡ್ಯೂಲ್ ಓದಿ. ಯಾವ ಸರ್ವೆ ನಂಬರ್, ಎಷ್ಟು ಎಕರೆ, ಚೆಕ್ಕುಬಂದಿ ಏನು ಎಂಬುದನ್ನು ಪಹಣಿಯ ಜೊತೆಗಿಟ್ಟು ಸಾಲು ಸಾಲಾಗಿ ಹೋಲಿಸಿ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಋಣ ದಾಖಲಾಗಿದೆ, 12ರಲ್ಲಿ ಯಾವ ಬೆಳೆ ಬರೆದಿದೆ ಎಂಬುದನ್ನು ಬೇರೆ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಕೊಡಗಿನಲ್ಲಿ ಒಂದೇ ಷೆಡ್ಯೂಲಿನೊಳಗೆ ತೋಟ, ಗದ್ದೆ, ಬಾಣೆ (ಗದ್ದೆಯ ಜೊತೆಗೆ ಬರುವ ಕಾಡು ಜಮೀನು), ಮನೆ ಎಲ್ಲವೂ ಸೇರಿಕೊಂಡಿರುವುದು ಅಪರೂಪವಲ್ಲ. ಒಂದೊಂದಕ್ಕೂ ಕಾನೂನಿನ ಉತ್ತರ ಬೇರೆ.

ಏಕೆಂದರೆ ಅದೇ ಕಾಯ್ದೆಯ 31ನೇ ಕಲಂ ಕೃಷಿ ಭೂಮಿಯ ಮೇಲಿನ ಅಡಮಾನವನ್ನು ಹೊರಗಿಡುತ್ತದೆ. ಹಾಗಾದರೆ ಕಾಫಿ ತೋಟ ಕೃಷಿ ಭೂಮಿಯೇ? ನಮ್ಮ ಜಿಲ್ಲೆಯಲ್ಲಿ ವರ್ಷಗಳಿಂದ ಹೊಗೆಯಾಡುತ್ತಿರುವ ಪ್ರಶ್ನೆ ಇದು. ತೋಟದ ಬೆಳೆ ವಾಣಿಜ್ಯ ಬೆಳೆ, ಅದಕ್ಕೆ ಈ ರಕ್ಷಣೆ ಇಲ್ಲ ಎಂಬುದು ಬ್ಯಾಂಕುಗಳ ವಾದ. ನಮ್ಮನ್ನು ಈ ಕಾಯ್ದೆಯಿಂದಲೇ ಹೊರಗಿಡಿ ಎಂಬುದು ಬೆಳೆಗಾರರ ಸಂಘಟನೆಗಳ ಬೇಡಿಕೆ. ಪಹಣಿಯಲ್ಲಿ ಕೃಷಿ ಎಂದು ಬರೆದಿದ್ದ ಮಾತ್ರಕ್ಕೆ ಸಾಲದು. ಜಮೀನಿನ ಸ್ವರೂಪ, ಅದರ ಬಳಕೆ, ಅಡಮಾನ ಇಟ್ಟ ಉದ್ದೇಶ ಎಲ್ಲವನ್ನೂ ಸಾಕ್ಷ್ಯದ ಮೇಲೆ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂದಮೇಲೆ ಚಿಕ್ಕಪ್ಪನ ಪರ ವಕೀಲರಿಗೆ ಬೇಕಾಗುವುದು ಗದ್ದೆಯಲ್ಲಿ ಈ ವರ್ಷವೂ ನಾಟಿಯಾಗಿದೆ ಎಂಬ ದಾಖಲೆ, ಗೊಬ್ಬರದ ಬಿಲ್ಲು, ಬೆಳೆ ಸಮೀಕ್ಷೆಯ ವಿವರ, ಫೋಟೊ. ನ್ಯಾಯಾಲಯದಲ್ಲಿ ಗಂಟಲು ಹರಿಯುವಂತೆ ವಾದಿಸುವುದಕ್ಕಿಂತ ಈ ಕಾಗದಗಳು ಹೆಚ್ಚು ಕೆಲಸ ಮಾಡುತ್ತವೆ.

ಕೊಡಗಿನ ಮನೆತನಗಳು ತಲೆಮಾರುಗಳಿಂದ ಹೊಂದಿರುವ ಜಮ್ಮಾ ಜಮೀನಾಗಿದ್ದರೆ ಇನ್ನೊಂದು ಗಂಟು ಇದೆ. ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೆದಾರರ ಹೆಸರು ಉಳಿದಿರುತ್ತದೆ, ಹಕ್ಕು ಇಡೀ ಒಕ್ಕದ್ದು (ಮನೆತನದ್ದು), ಸಾಲಕ್ಕೆ ಸಹಿ ಹಾಕಿದವರು ಇಬ್ಬರೋ ಮೂವರೋ. ಉಳಿದವರ ಒಪ್ಪಿಗೆ ಇಲ್ಲದೆ ಅಡಮಾನ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಸಾಲ ಕೊಡುವಾಗ ಬ್ಯಾಂಕಿನ ವಕೀಲರು ಕೇಳಿದ್ದರೋ ಇಲ್ಲವೋ, ಈಗ ನೀವು ಕೇಳಬೇಕು. ಬೆಂಗಳೂರಿನ ದೊಡ್ಡ ಕಚೇರಿಯ ವಕೀಲರಿಗೆ ಈ ಪ್ರಶ್ನೆ ಹೊಳೆಯುವುದೇ ಕಷ್ಟ. ಮಡಿಕೇರಿಯಲ್ಲಿ ಕುಳಿತವರಿಗೆ ಇರುವ ದೊಡ್ಡ ಅನುಕೂಲ ಇದು. ಮುಂದೆ ನಿಮಗೂ ಇದು ಬಂಡವಾಳವಾಗುತ್ತದೆ.

ಇನ್ನು ಸಾಲದ ಖಾತೆಯ ವಿವರ. ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಸಾಲ ಮಂಜೂರಾದ ದಿನದಿಂದ ಈವರೆಗಿನ ಸ್ಟೇಟ್‌ಮೆಂಟ್ ಪಡೆಯಿರಿ. ಅದರಲ್ಲಿ ಖಾತೆ ಯಾವ ದಿನ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಯಿತು ಎಂದು ನೋಡಿ. ಹೋಮ್‌ಸ್ಟೇ ಕಟ್ಟಲು ತೆಗೆದ ಸಾಲದ ಕಂತು 90 ದಿನ ಬಾಕಿ ಬಿದ್ದರೆ ಅದು ವಸೂಲಾಗದ ಸಾಲ. ಬೆಳೆ ಸಾಲಕ್ಕೆ ಲೆಕ್ಕ ಬೇರೆ: ದೀರ್ಘಾವಧಿ ಬೆಳೆಯಾದರೆ ಒಂದು ಬೆಳೆ ಹಂಗಾಮು ಕಾಯಬೇಕು, ಅಲ್ಪಾವಧಿ ಬೆಳೆಯಾದರೆ ಎರಡು. ಕಾಫಿಯ ಹಣ ಬರುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಮಾರಾಟವಾದ ಮೇಲೆ. ಬೆಳೆ ಸಾಲವನ್ನು ತಿಂಗಳ ಕಂತಿನ ಸಾಲದಂತೆ ಎಣಿಸಿ ಎನ್‌ಪಿಎ ಮಾಡಿದ್ದರೆ ನೋಟಿಸಿನ ಬುಡವೇ ಅಲುಗಾಡುತ್ತದೆ. 2018ರ ಆಗಸ್ಟ್‌ನ ಭೂಕುಸಿತದಂಥ ವಿಕೋಪದ ವರ್ಷಗಳಲ್ಲಿ ಸಾಲದ ಮರುಹೊಂದಾಣಿಕೆ ಮಾಡಿದ್ದರೆ ಅದರ ಪತ್ರವನ್ನೂ ಹುಡುಕಿ. ದಂಡ ಬಡ್ಡಿ, ತಪಾಸಣಾ ಶುಲ್ಕ, ವಿಮೆಯ ಕಂತು, ವಕೀಲರ ಶುಲ್ಕ ಎಂದು ಖಾತೆಗೆ ಸೇರಿಸಿದ ಚಿಲ್ಲರೆಗಳನ್ನೆಲ್ಲ ಕೂಡಿಸಿ ನೋಡಿ. ಆ ಮೊತ್ತ ಹಲವು ಸಲ ಚಿಲ್ಲರೆಯಾಗಿ ಉಳಿದಿರುವುದಿಲ್ಲ.

ಇವನ್ನೆಲ್ಲ ಸೇರಿಸಿ 60 ದಿನಗಳೊಳಗೆ ಬ್ಯಾಂಕಿಗೆ ಆಕ್ಷೇಪಣೆ ಸಲ್ಲಿಸಬೇಕು. ಬ್ಯಾಂಕು 15 ದಿನಗಳೊಳಗೆ ಕಾರಣ ಸಹಿತ ಉತ್ತರಿಸಬೇಕು. ಈ ಹಕ್ಕು ಮೊದಲು ಕಾಯ್ದೆಯಲ್ಲಿ ಇರಲಿಲ್ಲ. 2004ರ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಲಗಾರನ ಮಾತಿಗೂ ಕಿವಿಗೊಡಿ ಎಂದು ಹೇಳಿದ ಮೇಲೆ ಅದು ಕಾಯ್ದೆಯೊಳಗೆ ಬಂತು. ಆ ಉತ್ತರ ತೃಪ್ತಿಕರವಲ್ಲ ಎಂದು ತಕ್ಷಣ ನ್ಯಾಯಮಂಡಳಿಗೆ ಓಡುವಂತಿಲ್ಲ. ಬ್ಯಾಂಕು ಸ್ವಾಧೀನಕ್ಕೆ ಕೈಹಾಕಿದ ಮೇಲೆ, 45 ದಿನಗಳೊಳಗೆ, ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಇಷ್ಟರಲ್ಲಿ "ಹೈಕೋರ್ಟಿನಿಂದ ಸ್ಟೇ ತರಿಸಿಕೊಡುತ್ತೇನೆ" ಎನ್ನುವವರು ಯಾರಾದರೂ ಮನೆಗೆ ಬಂದೇ ಬರುತ್ತಾರೆ. ಬೇರೆ ಪರಿಹಾರ ಇರುವಾಗ ಇಂಥ ವಿಷಯದಲ್ಲಿ ಹೈಕೋರ್ಟ್‌ಗಳು ರಿಟ್ ಅರ್ಜಿಗೆ ಮಣೆ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 2010ರಿಂದಲೂ ಹೇಳುತ್ತಾ ಬಂದಿದೆ. ಸಾಲ ಸಹಕಾರಿ ಬ್ಯಾಂಕಿನದು, ಅದಕ್ಕೆ ಈ ಕಾಯ್ದೆ ಅನ್ವಯಿಸದು ಎಂಬ ಹಳೆಯ ವಾದವೂ 2020ರಲ್ಲಿ ಮುಗಿಯಿತು.

ಇಲ್ಲಿ ಎರಡು ಎಚ್ಚರಿಕೆ. ನೋಟಿಸ್ ಬಂದ ಮೇಲೆ ಆ ಆಸ್ತಿಯನ್ನು ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ. ಮಕ್ಕಳ ಹೆಸರಿಗೆ ದಾನಪತ್ರ ಮಾಡಿ ಪಾರಾಗೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಚಿಕ್ಕಪ್ಪನನ್ನು ತಡೆಯಿರಿ. ಎರಡನೆಯದು ಹಣ ಹೊಂದಿಸುವ ವಿಷಯ. ಮೊದಲೆಲ್ಲ ಹರಾಜು ಮುಗಿದು ಕ್ರಯವಾಗುವವರೆಗೂ ಬಾಕಿ ಕಟ್ಟಿ ಬಿಡಿಸಿಕೊಳ್ಳಬಹುದು ಎಂಬ ಧೈರ್ಯವಿತ್ತು. 2016ರ ತಿದ್ದುಪಡಿ ಆ ಬಾಗಿಲನ್ನು ಹರಾಜು ಪ್ರಕಟಣೆಯ ದಿನಕ್ಕೇ ಮುಚ್ಚಿತು, 2023ರಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಳುಮೆಣಸು ಮಾರಿಯೋ, ಒಂದು ಸೈಟು ಮಾರಿಯೋ ಕಟ್ಟುವುದಾದರೆ ಪತ್ರಿಕೆಯಲ್ಲಿ ಹರಾಜಿನ ಜಾಹೀರಾತು ಬರುವ ಮೊದಲು ಕಟ್ಟಬೇಕು. ಏಕಕಾಲಿಕ ತೀರುವಳಿಯ ಮಾತುಕತೆಗೂ ಇದೇ ಸಮಯ. ಅಲ್ಲಿ ಬ್ಯಾಂಕು ಕೇಳುವ ಮೊದಲ ಪ್ರಶ್ನೆ ಹಣ ಎಲ್ಲಿಂದ, ಎಂದು ಬರುತ್ತದೆ ಎಂಬುದು. ಅದಕ್ಕೆ ಉತ್ತರವಿಲ್ಲದೆ ಮ್ಯಾನೇಜರರ ಎದುರು ಹೋಗಿ ಕುಳಿತರೆ ಚಹಾ ಸಿಗುತ್ತದೆ, ಅಷ್ಟೆ.

ನೀವಿನ್ನೂ ವಕೀಲರಲ್ಲ, ವಕಾಲತ್ತಿಗೆ ಸಹಿ ಹಾಕುವಂತಿಲ್ಲ. ಈ ಕಡತವನ್ನೆಲ್ಲ ಜೋಡಿಸಿ ಈ ವಾರವೇ ಒಬ್ಬ ವಕೀಲರ ಮುಂದಿಡಿ.

ಈಗ ವೃತ್ತಿಯ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ್ದರಲ್ಲಿ 2016ರ ದಿವಾಳಿ ಸಂಹಿತೆ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಕೊಡಗಿನಲ್ಲಿ ಸಾಲದಲ್ಲಿ ಸಿಕ್ಕಿಕೊಂಡವರಲ್ಲಿ ಹೆಚ್ಚಿನವರಿಗೆ ಆ ಸಂಹಿತೆಯ ಮುಖ್ಯ ಬಾಗಿಲು ತೆರೆಯುವುದೇ ಇಲ್ಲ. ತರಗತಿಯಲ್ಲಿ ನೀವು ಓದಿದ ಪರಿಹಾರ ಪ್ರಕ್ರಿಯೆ, ಅದಕ್ಕಿರುವ 180 ದಿನ, 330 ದಿನದ ಗಡುವು, ಸಾಲದಾತರ ಸಮಿತಿಯ ಶೇ 66 ಮತ, ಇವೆಲ್ಲ ಕಂಪನಿಗಳಿಗೂ ಎಲ್‌ಎಲ್‌ಪಿಗಳಿಗೂ (ಸೀಮಿತ ಹೊಣೆಯ ಪಾಲುದಾರಿಕೆಗಳಿಗೂ) ಸಂಬಂಧಿಸಿದ್ದು. ಅದೂ ಕನಿಷ್ಠ 1 ಕೋಟಿ ರೂಪಾಯಿ ಬಾಕಿಯಿದ್ದರೆ. 2020ರ ಮಾರ್ಚ್‌ವರೆಗೆ ಆ ಮಿತಿ 1 ಲಕ್ಷ ಇತ್ತು. ನಮ್ಮಲ್ಲಿನ ಕಾಫಿ ವ್ಯಾಪಾರಿ, ಹೋಮ್‌ಸ್ಟೇ ನಡೆಸುವವರು, ಲಾರಿ ಇಟ್ಟವರು, ಗುತ್ತಿಗೆದಾರರು ಬಹುಪಾಲು ಒಬ್ಬರದೇ ಹೆಸರಿನ ವ್ಯವಹಾರದವರು, ಇಲ್ಲವೇ ಪಾಲುದಾರಿಕೆ ಸಂಸ್ಥೆಯವರು. ಇವರಿಗೆಂದು ಸಂಹಿತೆಯ ಮೂರನೇ ಭಾಗ ಅಚ್ಚಾಗಿ ಕುಳಿತಿದೆ. ಅದು 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ.

ಉಳಿದವರ ಪಾಲಿಗೆ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಸಂಹಿತೆಯಲ್ಲಿ ಅದನ್ನು ರದ್ದುಪಡಿಸುವ ಕಲಂ ಇದೆ, ಆ ಕಲಂ ಇನ್ನೂ ಜಾರಿಗೆ ಬಂದಿಲ್ಲ. ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ, ಅಂದರೆ ನಮಗೆ ಮಡಿಕೇರಿಗೆ. ಸಾಲಗಾರ ತಾನೇ ಅರ್ಜಿ ಹಾಕಲು ಇರಬೇಕಾದ ಕನಿಷ್ಠ ಸಾಲ ಮೂಲ ಕಾಯ್ದೆಯ ಪ್ರಕಾರ 500 ರೂಪಾಯಿ! 1920ರಲ್ಲಿ ಅದು ದೊಡ್ಡ ಮೊತ್ತವಾಗಿದ್ದಿರಬೇಕು. ದಿವಾಳಿ ಎಂದು ಘೋಷಣೆಯಾದರೆ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರರ ವಶಕ್ಕೆ ಹೋಗುತ್ತದೆ. ಡಿಕ್ರಿ ಹಿಡಿದುಕೊಂಡು ಬಂಧನಕ್ಕೆ ಬರುವವರಿಂದ ರಕ್ಷಣೆಯ ಆದೇಶ ಕೇಳಬಹುದು. ಮುಂದೆ ಬಿಡುಗಡೆಯ ಆದೇಶ ಸಿಕ್ಕರೆ ಹಳೆಯ ಸಾಲಗಳಿಂದ ಮುಕ್ತಿ. ಆದರೆ ಸರ್ಕಾರಕ್ಕೆ ಕೊಡಬೇಕಾದದ್ದರಿಂದಲೂ ವಂಚನೆಯಿಂದ ಹುಟ್ಟಿದ ಸಾಲದಿಂದಲೂ ಬಿಡುಗಡೆ ಇಲ್ಲ. ಅಡಮಾನ ಇಟ್ಟುಕೊಂಡ ಬ್ಯಾಂಕನ್ನು ಈ ಅರ್ಜಿ ಕಟ್ಟಿಹಾಕುವುದೂ ಇಲ್ಲ. "ಪಾಪರ್ ಚೀಟಿ ತೆಗೆದುಕೊಂಡರೆ ಬ್ಯಾಂಕಿನವರು ಹತ್ತಿರ ಬರುವುದಿಲ್ಲವಂತೆ" ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅರ್ಜಿಗೆ ಎರಡು ವರ್ಷದೊಳಗೆ ಹೆಂಡತಿಯ ಹೆಸರಿಗೋ ಮೈದುನನ ಹೆಸರಿಗೋ ಪುಕ್ಕಟೆಯಾಗಿ ಬರೆದುಕೊಟ್ಟ ಆಸ್ತಿಯನ್ನು ರಿಸೀವರ್ ಮರಳಿ ಎಳೆಯಬಹುದು. ಲೆಕ್ಕ ಮುಚ್ಚಿಟ್ಟರೆ ಜೈಲು ಶಿಕ್ಷೆಗೂ ಅವಕಾಶವಿದೆ.

ಹಾಗೆಂದು ಎನ್‌ಸಿಎಲ್‌ಟಿ, ಅಂದರೆ ಕಂಪನಿಗಳ ದಿವಾಳಿ ಅರ್ಜಿ ಕೇಳುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ನಮಗೆ ಸಂಬಂಧಿಸಿದ್ದೇ ಅಲ್ಲ ಎನ್ನಲಾಗದು. ಸಂಬಂಧ ಎರಡು ದಾರಿಯಲ್ಲಿ ಬರುತ್ತದೆ.

ಒಂದು ಜಾಮೀನಿನ ದಾರಿ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಸ್ನೇಹಿತರೊಡನೆ ಖಾಸಗಿ ಕಂಪನಿ ನೋಂದಾಯಿಸಿ ರೆಸಾರ್ಟ್ ಕಟ್ಟುತ್ತಾನೆ. ಸಾಲ ಕಂಪನಿಯ ಹೆಸರಿನಲ್ಲಿ, ಆಧಾರ ಅಪ್ಪನ ತೋಟ, ಜಾಮೀನಿಗೆ ಅಪ್ಪ ಅಮ್ಮ ಇಬ್ಬರ ಸಹಿ. ಎರಡು ಮಳೆಗಾಲ ರಸ್ತೆ ಕುಸಿದು ಪ್ರವಾಸಿಗರು ಬರಲಿಲ್ಲ ಎಂದರೆ ಕಂತು ತಪ್ಪುತ್ತದೆ. ಬ್ಯಾಂಕು ಕಂಪನಿಯ ಮೇಲೆ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠದಲ್ಲಿ ಸಂಹಿತೆಯ 7ನೇ ಕಲಮಿನ ದಿವಾಳಿ ಅರ್ಜಿ ಹಾಕುತ್ತದೆ. ಅರ್ಜಿ ಅಂಗೀಕಾರವಾದ ದಿನ ನಿರ್ದೇಶಕರ ಅಧಿಕಾರ ಹೋಗುತ್ತದೆ, ಆಡಳಿತ ನ್ಯಾಯಮಂಡಳಿ ನೇಮಿಸಿದ ಪರಿಹಾರ ವೃತ್ತಿಪರರ ಕೈಗೆ ಬರುತ್ತದೆ, ಕಂಪನಿಯ ಮೇಲಿನ ಮೊಕದ್ದಮೆಗಳಿಗೆ ತಡೆ ಬೀಳುತ್ತದೆ. "ಹಾಗಾದರೆ ಅಪ್ಪನಿಗೂ ತಡೆ ಸಿಕ್ಕಿತಲ್ಲ" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಸಿಗಲಿಲ್ಲ. ಆ ತಡೆ ಕಂಪನಿಗೆ ಮಾತ್ರ, ಜಾಮೀನುದಾರರಿಗೆ ಇಲ್ಲ. ಕಂಪನಿಗೆ ಹೊಸ ಮಾಲೀಕರು ಬಂದು ಪರಿಹಾರ ಯೋಜನೆ ಮಂಜೂರಾದರೂ ಜಾಮೀನುದಾರರ ಹೊಣೆ ತಾನಾಗಿ ಕಳಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಕಂಪನಿಯ ಚೆಕ್ ಬೌನ್ಸ್ ಆಗಿದ್ದರೆ, ಕಂಪನಿಯ ಮೇಲಿನ ಪ್ರಕರಣ ನಿಲ್ಲುತ್ತದೆ, ಸಹಿ ಹಾಕಿದ ನಿರ್ದೇಶಕನ ಮೇಲಿನದು ನಡೆಯುತ್ತದೆ; ಇದೂ 2021ರದೇ ತೀರ್ಪು. ಇಷ್ಟನ್ನು ಸಾಲಪತ್ರಕ್ಕೆ ಸಹಿ ಹಾಕುವ ಮೊದಲು ಯಾರಾದರೂ ಆ ಅಪ್ಪ ಅಮ್ಮನಿಗೆ ಕನ್ನಡದಲ್ಲೋ ಕೊಡವ ಭಾಷೆಯಲ್ಲೋ ಓದಿ ಹೇಳಿದ್ದರೆ ಅರ್ಧ ಕುಟುಂಬಗಳು ನಮ್ಮ ಕಚೇರಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಸಹಿಗೆ ಮುಂಚಿನ ಈ ಸಲಹೆಗೆ ಶುಲ್ಕ ಕೊಡುವವರು ಕಡಿಮೆ. ಆದರೂ ಮಾಡಿ.

ಇನ್ನೊಂದು ದಾರಿ ಕಾಫಿಯದು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕೊಡಗಿನ ಯುವ ವಕೀಲರು ಕಲಿಯಬೇಕಾದ ಮುಖ್ಯ ವಿದ್ಯೆ ಇಲ್ಲೇ ಇದೆ ಎಂಬುದು ನನ್ನ ಎಣಿಕೆ. 1990ರ ದಶಕದಲ್ಲಿ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಕಾಫಿ ಮಂಡಳಿಯ ಪೂಲಿಂಗ್ ಪದ್ಧತಿ ಹೋದ ಮೇಲೆ ಬೆಳೆಗಾರ ಮಾರುಕಟ್ಟೆಗೆ ನೇರವಾಗಿ ಬಂದ. ದರ ಚೆನ್ನಾಗಿಲ್ಲದಿದ್ದರೆ ಕಾಫಿಯನ್ನು ವ್ಯಾಪಾರಿಯ ಗೋದಾಮಿನಲ್ಲೋ ಅದನ್ನು ಸಂಸ್ಕರಿಸುವ ಕ್ಯೂರಿಂಗ್ ಕಾರ್ಖಾನೆಯಲ್ಲೋ ಇಟ್ಟು, ದರ ಏರಿದಾಗ ಮಾರುವ ರೂಢಿ ಬೆಳೆಯಿತು. ಕೈಗೆ ಸಿಗುವುದು ಒಂದು ಚೀಟಿ. ಅದರಲ್ಲಿ ದಿನಾಂಕ, ಚೆರ್ರಿಯೋ (ಹಣ್ಣಿನ ಸಮೇತ ಒಣಗಿಸಿದ್ದು) ಪಾರ್ಚ್‌ಮೆಂಟೋ (ಸಿಪ್ಪೆ ತೆಗೆದು ಒಣಗಿಸಿದ್ದು), ಮೂಟೆ ಎಷ್ಟು, ತೂಕ ಎಷ್ಟು, ಔಟ್‌ಟರ್ನ್ (ಸಂಸ್ಕರಿಸಿದರೆ ಸಿಗುವ ಬೀಜ) ಎಷ್ಟು, ಕೊನೆಗೊಂದು ಅರೆಬರೆ ಸಹಿ. ದರದ ಜಾಗ ಖಾಲಿ. ಒಂದು ದಿನ ಆ ಸಂಸ್ಥೆಯ ಶಟರ್ ಏಳುವುದಿಲ್ಲ.

ಈಗ ಆ ಚೀಟಿಯನ್ನು ಹೇಗೆ ಓದುತ್ತೀರಿ? ಕಾಫಿ ಮಾರಾಟವಾಗಿ ಹಣ ಬರಬೇಕಿತ್ತು ಎಂದು ಓದಿದರೆ ಬೆಳೆಗಾರ ಕಾರ್ಯಾಚರಣೆಯ ಸಾಲದಾತ, ಅಂದರೆ ಸರಕು ಕೊಟ್ಟು ಹಣಕ್ಕೆ ಕಾಯುತ್ತಿರುವವನು. ಸಾಲದಾತರ ಸಮಿತಿಯಲ್ಲಿ ಅವನಿಗೆ ಸಾಮಾನ್ಯವಾಗಿ ಮತವಿಲ್ಲ. ಕಂಪನಿ ಸಮಾಪನೆಗೆ ಹೋದರೆ, ಅಂದರೆ ಆಸ್ತಿ ಮಾರಿ ಅದನ್ನು ಮುಚ್ಚುವುದಾದರೆ, ಹಂಚಿಕೆಯ ಸಾಲಿನಲ್ಲಿ ಪ್ರಕ್ರಿಯೆಯ ಖರ್ಚು, ಕಾರ್ಮಿಕರ 24 ತಿಂಗಳ ಬಾಕಿ, ಅಡಮಾನ ಇರುವ ಬ್ಯಾಂಕು, ನೌಕರರ ಸಂಬಳ, ಅಡಮಾನವಿಲ್ಲದ ಹಣಕಾಸು ಸಾಲದಾತರು, ಸರ್ಕಾರ, ಇವರೆಲ್ಲರ ಹಿಂದೆ ಅವನು ನಿಲ್ಲಬೇಕು. ಅಲ್ಲಿಗೆ ತಲುಪುವಷ್ಟರಲ್ಲಿ ಪಾತ್ರೆಯಲ್ಲಿ ತಳ ಕಾಣುತ್ತದೆ. ತಾನೇ ಅರ್ಜಿ ಹಾಕೋಣವೆಂದರೆ 1 ಕೋಟಿಯ ಮಿತಿ ಅಡ್ಡ. 12 ಲಕ್ಷ, 20 ಲಕ್ಷ ಬರಬೇಕಾದ ಹತ್ತು ಬೆಳೆಗಾರರು ಒಟ್ಟಾಗಿ ಒಂದೇ ಅರ್ಜಿ ಹಾಕಲು 9ನೇ ಕಲಂ ಬಿಡುವುದಿಲ್ಲ. ಕಾರ್ಯಾಚರಣೆಯ ಸಾಲದಾತರು ಒಬ್ಬೊಬ್ಬರಾಗಿಯೇ ಬರಬೇಕು.

ಅದೇ ಚೀಟಿಯನ್ನು ಕಾಫಿ ಇಟ್ಟುಕೊಳ್ಳಲು ಕೊಟ್ಟದ್ದು, ಮಾರಿದ್ದಲ್ಲ ಎಂದು ಓದಲು ಸಾಧ್ಯವಾದರೆ ಆಟವೇ ಬದಲಾಗುತ್ತದೆ. ಸಂಹಿತೆಯ 18ನೇ ಕಲಮಿನ ವಿವರಣೆಯಂತೆ ಬೇರೆಯವರು ಕಂಪನಿಯ ಬಳಿ ಕಾಪಾಡಲು ಇಟ್ಟ ವಸ್ತು ಕಂಪನಿಯ ಆಸ್ತಿಯಲ್ಲ. ಅದನ್ನು ಹರಾಜಿನ ರಾಶಿಗೆ ಸೇರಿಸುವಂತಿಲ್ಲ, ಮಾಲೀಕರಿಗೆ ಮರಳಿಸಬೇಕು. ಆದರೆ ಇದನ್ನು ಸಾಧಿಸಬೇಕಾದರೆ ಗೋದಾಮಿನ ಬಾಡಿಗೆ ಕೊಟ್ಟ ರಸೀದಿ, ಕ್ಯೂರಿಂಗ್ ಶುಲ್ಕದ ಬಿಲ್ಲು, ದಾಸ್ತಾನು ಪುಸ್ತಕದಲ್ಲಿ ಬೆಳೆಗಾರನ ಹೆಸರು, ಜಿಎಸ್‌ಟಿ ಲೆಕ್ಕದಲ್ಲಿ ಖರೀದಿ ಎಂದು ತೋರಿಸಿಲ್ಲ ಎಂಬುದು, ಇಂಥ ಪುರಾವೆ ಬೇಕು. ಮುಂಗಡ ತೆಗೆದುಕೊಂಡಿದ್ದರೆ, ಕಾಫಿಯನ್ನು ಎಲ್ಲರದರ ಜೊತೆ ಬೆರೆಸಿ ಆಗಲೇ ರಫ್ತು ಮಾಡಿದ್ದರೆ ವಾದ ಸಡಿಲವಾಗುತ್ತದೆ. ಹಾಗಾಗಿ ನನ್ನ ಬೆಳೆಗಾರ ಕಕ್ಷಿದಾರರಿಗೆ ನವೆಂಬರಿನಲ್ಲಿ, ಕೊಯ್ಲು ಶುರುವಾಗುವ ಮೊದಲೇ, ಹೇಳಿಬಿಡುತ್ತೇನೆ: ಚೀಟಿಯ ಮೇಲೆ "ಬೆಳೆಗಾರರ ಮಾಲು, ಮಾರಾಟವಾಗಿಲ್ಲ" ಎಂದು ಬರೆಸಿಕೊಳ್ಳಿ. ವ್ಯಾಪಾರಿಗೆ ಮುಖ ಸಿಂಡರಿಸಲು ಇದು ಸಾಕು. ಕೆಲವರು ಬರೆಸಿಕೊಳ್ಳುತ್ತಾರೆ, ಹೆಚ್ಚಿನವರು ಪರಿಚಯದವರಲ್ಲವೇ ಎಂದು ಬಿಡುತ್ತಾರೆ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಬರುತ್ತದೆ. ಪರಿಹಾರ ವೃತ್ತಿಪರರ ನೇಮಕದಿಂದ 14 ದಿನಗಳೊಳಗೆ ಹಕ್ಕು ಮಂಡಿಸಲು ಕರೆಯುತ್ತಾರೆ. ಬೆಳೆಗಾರರಿಗೆ ನಮೂನೆ ತುಂಬಿಸಿ, ಚೀಟಿಗಳನ್ನು ಸ್ಕ್ಯಾನ್ ಮಾಡಿ ಕಳುಹಿಸುವುದು ಮಡಿಕೇರಿಯಲ್ಲೋ ಸೋಮವಾರಪೇಟೆಯಲ್ಲೋ ಕುಳಿತು ಧಾರಾಳವಾಗಿ ಮಾಡಬಹುದಾದ ಕೆಲಸ. ವ್ಯಾಪಾರಿ ಕಂಪನಿಯಲ್ಲ, ಸ್ವಂತ ಹೆಸರಿನವನು ಎಂದಾದರೆ ಉಳಿಯುವುದು ಸಿವಿಲ್ ದಾವೆ, ತೀರ್ಪಿಗೆ ಮೊದಲಿನ ಜಪ್ತಿ, ಚೆಕ್ ಇದ್ದರೆ ಚೆಕ್ ಬೌನ್ಸಿನ 138ರ ಪ್ರಕರಣ.

ಕಕ್ಷಿದಾರರ ವಿಷಯ ಸಂಹಿತೆಯಲ್ಲಿ ಬರೆದಿಲ್ಲ. ನಮ್ಮ ಜಿಲ್ಲೆಯಲ್ಲಿ ಸಾಲ ಎಂದರೆ ಮಾನದ ಪ್ರಶ್ನೆ. ಪುತ್ತರಿ ಹಬ್ಬಕ್ಕೆ ಮನೆತನದ ಮೂಲ ಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ಯಾರಿಗೂ ಗೊತ್ತಾಗಬಾರದು ಎಂದು ನೋಟಿಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವರನ್ನು ಕಂಡಿದ್ದೇನೆ. ಅವರು ಕಚೇರಿಗೆ ಬರುವುದು ಹರಾಜಿನ ಜಾಹೀರಾತು ಪತ್ರಿಕೆಯಲ್ಲಿ ಬಂದು ಊರಿಗೆಲ್ಲ ಗೊತ್ತಾದ ಮೇಲೆ. ಬಂದವರೂ ಬ್ಯಾಂಕಿನ ಸಾಲ ಮಾತ್ರ ಹೇಳುತ್ತಾರೆ. ಕೈಸಾಲ, ಒಡವೆಯ ಮೇಲಿನ ಸಾಲ, ಚೀಟಿ, ಸಂಘದ ಸಾಲ, ಭಾವನಿಗೆ ಕೊಟ್ಟ ಖಾಲಿ ಚೆಕ್, ಇವು ಒಂದೊಂದಾಗಿ ಹೊರಬೀಳಲು ಹಲವು ಭೇಟಿ ಬೇಕು. ನಾನು ಒಬ್ಬರನ್ನೇ ಕೂರಿಸಿ ಇವನ್ನು ಕೇಳುವುದಿಲ್ಲ. ಹೆಂಡತಿಯನ್ನೋ ಗಂಡನನ್ನೋ ಬೆಳೆದ ಮಗಳನ್ನೋ ಜೊತೆಗೆ ಕರೆತರಲು ಹೇಳುತ್ತೇನೆ. ಪೂರ್ತಿ ಪಟ್ಟಿ ಸಿಗದೆ ಯಾವ ಅರ್ಜಿಯನ್ನೂ ಬರೆಯುವುದಿಲ್ಲ. ಮಾತಿನಲ್ಲಿ ಬದುಕೇ ಬೇಡ ಎಂಬ ಧಾಟಿ ಕಂಡರೆ ಕಡತ ಮುಚ್ಚಿಟ್ಟು ಮೊದಲು ಮನೆಯವರಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರ ಸಂಖ್ಯೆ ನಿಮ್ಮ ಮೇಜಿನ ಮೇಲೆ ಸದಾ ಇರಲಿ. ಅವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮನ್ನೂ ಓದಿ ಹೇಳಿ: ಡಿಕ್ರಿಯ ಜಪ್ತಿಯಲ್ಲಿ ಅಡುಗೆ ಪಾತ್ರೆ, ಹಾಸಿಗೆ, ಧರ್ಮಾಚರಣೆಯಂತೆ ಹೆಣ್ಣುಮಕ್ಕಳು ತೆಗೆಯಬಾರದ ಒಡವೆ, ಬೇಸಾಯದ ಸಲಕರಣೆ, ಉಳುಮೆಯ ದನ, ಬಿತ್ತನೆ ಬೀಜ ಇವನ್ನು ಮುಟ್ಟುವಂತಿಲ್ಲ. ಅಡಮಾನ ಇಟ್ಟ ಮನೆಗೆ ಇದು ರಕ್ಷಣೆಯಲ್ಲ. ಆದರೂ ಎಲ್ಲವನ್ನೂ ಹೊತ್ತೊಯ್ಯುತ್ತಾರೆ ಎಂದು ನಡುಗುತ್ತಿರುವವರಿಗೆ ಇಷ್ಟು ಕೇಳಿದರೆ ಆ ರಾತ್ರಿ ನಿದ್ದೆ ಬರುತ್ತದೆ.

ಸಂಪಾದನೆ ಕೇಳಿದ್ದೀರಿ. ಬರೀ ದಿವಾಳಿ ಅರ್ಜಿಗಳನ್ನು ನಂಬಿಕೊಂಡು ಮಡಿಕೇರಿಯಲ್ಲಿ ಮನೆ ನಡೆಯುವುದಿಲ್ಲ. ಮೊದಲ ವರ್ಷಗಳಲ್ಲಿ ಅನ್ನ ಕೊಡುವುದು ಬ್ಯಾಂಕುಗಳಿಗೆ ಬರೆದುಕೊಡುವ ಹಕ್ಕುಪತ್ರ ಪರಿಶೀಲನಾ ವರದಿ, ವಸೂಲಿ ದಾವೆ, ಅಮಲ್ಜಾರಿ (ಡಿಕ್ರಿಯನ್ನು ಜಾರಿ ಮಾಡಿಸುವುದು), ಚೆಕ್ ಬೌನ್ಸ್, ಪಾಲಿನ ದಾವೆ. ಗೆದ್ದದ್ದರಲ್ಲಿ ಪಾಲು ಕೇಳುವುದಕ್ಕೆ ವಕೀಲರ ಪರಿಷತ್ತಿನ ನಿಯಮ ಬಿಡುವುದಿಲ್ಲ, ಜಾಹೀರಾತಿಗೂ ಅವಕಾಶವಿಲ್ಲ. ಸಾಲಗಾರ ಕಕ್ಷಿದಾರರಿಂದ ಶುಲ್ಕ ಫಸಲಿನ ಜೊತೆಗೇ ಬರುತ್ತದೆ, ಫಸಲು ಕೈಕೊಟ್ಟರೆ ಶುಲ್ಕವೂ ಕೈಕೊಡುತ್ತದೆ. ಬ್ಯಾಂಕಿನ ಪ್ಯಾನೆಲ್‌ಗೆ ಸೇರಿದರೆ ಮೊತ್ತ ಸಣ್ಣದು, ಆದರೆ ಕೆಲಸ ನಿಲ್ಲುವುದಿಲ್ಲ. ಅಲ್ಲಿ ಒಂದು ಇಕ್ಕಟ್ಟು ಇದೆ. ಸಾಲ ಕೊಡುವಾಗ ನೀವೇ ಪರಿಶೀಲಿಸಿದ ಹಕ್ಕುಪತ್ರ, ಹರಾಜಿಗೆ ಬಂದಾಗ ಅದೇ ಬೆಳೆಗಾರ ನಿಮ್ಮ ನೆಂಟರ ಮೂಲಕ ನಿಮ್ಮ ಬಳಿಗೇ ಬರುತ್ತಾನೆ. ಇಷ್ಟು ಸಣ್ಣ ಜಿಲ್ಲೆಯಲ್ಲಿ ಇದು ತಪ್ಪದು. ಆ ಕಡತವನ್ನು ಮುಟ್ಟಬೇಡಿ, ಮದುವೆ ಮನೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತು ಕೇಳಿದರೂ ಸಲಹೆ ಕೊಡಬೇಡಿ. ನಿಷ್ಠುರವಾಗುತ್ತದೆ, ಆಗಲಿ.

ಬೆಂಗಳೂರೋ ಊರೋ ಎಂಬುದಕ್ಕೆ ನನ್ನ ಅಭಿಪ್ರಾಯ ಇದು. ಪದವಿ ಮುಗಿದ ಕೂಡಲೇ ನೋಂದಣಿ ಮಾಡಿಸಿ. ಸುಪ್ರೀಂ ಕೋರ್ಟಿನ 2024ರ ತೀರ್ಪಿನ ನಂತರ ಸಾಮಾನ್ಯ ವರ್ಗದವರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ. ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಮುಗಿಸಿ. ಆಮೇಲೆ ಎರಡು ಮೂರು ವರ್ಷ ಬೆಂಗಳೂರಿನಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿ ಮತ್ತು ಎನ್‌ಸಿಎಲ್‌ಟಿ ಎರಡರಲ್ಲೂ ಕೆಲಸವಿರುವ ಮಧ್ಯಮ ಗಾತ್ರದ ಕಚೇರಿ ಸೇರಿ. ತುಂಬಾ ದೊಡ್ಡ ಸಂಸ್ಥೆಯಲ್ಲಿ ವರ್ಷವಿಡೀ ಒಂದೇ ಕಂಪನಿಯ ದಾಖಲೆಗಳ ಪುಟ ಎಣಿಸುತ್ತಾ ಕೂರಬೇಕಾದೀತು. ಮೇಲ್ಮನವಿಗಳು ಚೆನ್ನೈಗೆ ಹೋಗುತ್ತವೆ, ಅಲ್ಲಿಗೂ ಒಮ್ಮೆ ಹಿರಿಯರ ಜೊತೆ ಹೋಗಿ ಬನ್ನಿ. ನಂತರ ಊರಿಗೆ ಬಂದು ಕಚೇರಿ ತೆರೆಯಿರಿ. ಇ-ಫೈಲಿಂಗ್ ಮತ್ತು ವಿಡಿಯೊ ವಿಚಾರಣೆ ಬಂದ ಮೇಲೆ 250 ಕಿಲೋಮೀಟರಿಗೂ ಹೆಚ್ಚಿನ ಆ ದಾರಿ ಮೊದಲಿನಷ್ಟು ಉದ್ದವಿಲ್ಲ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಕರೆಂಟು ಹೋಗುತ್ತದೆ, ಇನ್ವರ್ಟರ್ ಇಡಿ.

ಓದಿನ ವಿಷಯದಲ್ಲಿ, ಸಂಹಿತೆಗಿಂತ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶವನ್ನು ಗಟ್ಟಿಮಾಡಿಕೊಳ್ಳಿ. ಅಮಲ್ಜಾರಿ ಗೊತ್ತಿಲ್ಲದವರು ಸಾಲದ ವಕೀಲರಾಗಲಾರರು. ಒಬ್ಬ ಲೆಕ್ಕ ಪರಿಶೋಧಕರ ಬಳಿ ಸಂಜೆ ಹೊತ್ತು ಕುಳಿತು ಆಸ್ತಿ–ಹೊಣೆ ಪಟ್ಟಿ ಓದುವುದನ್ನೂ ಬಡ್ಡಿ ಲೆಕ್ಕ ಬಿಡಿಸುವುದನ್ನೂ ಕಲಿಯಿರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೂ ಅರ್ಜಿ ಹಾಕಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ವಿಕೋಪದ ಸಂತ್ರಸ್ತರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಸಾಲದ ಪ್ರಕರಣಗಳು ಅಲ್ಲಿಗೆ ಬೇಕಾದಷ್ಟು ಬರುತ್ತವೆ.

ಪರಿಹಾರ ವೃತ್ತಿಪರರಾಗುವ ಪರೀಕ್ಷೆಯ ಬಗ್ಗೆ ನಿಮ್ಮ ತರಗತಿಯಲ್ಲಿ ಹೇಳಿರಬಹುದು. ವಕೀಲರಾಗಿ ಆ ದಾರಿಯಲ್ಲಿ ಹೋಗಲು ನೋಂದಣಿಯ ನಂತರ 10 ವರ್ಷದ ಅನುಭವ ಬೇಕು. ಹೊಸ ಪದವೀಧರರಿಗೆ ಬೇರೆ ಕೋರ್ಸ್ ಇದೆ, ಅದು ಪೂರ್ಣಾವಧಿಯದು, ಖರ್ಚಿನದು. ಊರಿಗೆ ಮರಳುವ ಮನಸ್ಸಿದ್ದರೆ ಈಗ ಅದರ ಹಿಂದೆ ಬೀಳಬೇಡಿ; ಚಿಕ್ಕಪ್ಪನ ಕಡತವನ್ನು ಯಾವ ವಕೀಲರಿಗೆ ಒಪ್ಪಿಸುತ್ತೀರೋ ಅವರನ್ನೇ ಕೇಳಿ, ಆಕ್ಷೇಪಣೆ ಬರೆಯುವಾಗ ಪಕ್ಕದಲ್ಲಿ ಕುಳಿತು ಖಾತೆಯ ಲೆಕ್ಕ ಮಾಡಿಕೊಡಲು ಬಿಡುತ್ತಾರೆಯೇ ಎಂದು.